ಬಾಯಿಂದ ತುಂಬುವ ರೈಫಲ್‌ನಲ್ಲಿ ದೂರದ ಗುರಿ: ಮಲೆನಾಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸಕಲೇಶಪುರ, ಮೂಡಿಗೆರೆ ಕಡೆ ಕೇಪಿನ ಕೋವಿ (ಪುಟ್ಟ ಟೊಪ್ಪಿಯಂಥ ಕೇಪು ಸಿಡಿದು ಮದ್ದು ಹೊತ್ತಿಸುವ ಕೋವಿ) ಕಾಣದವರು ಕಡಿಮೆ. ಕಾಡುಹಂದಿ ಓಡಿಸಲು ಅಜ್ಜನ ಕಾಲದಲ್ಲಿ ತಂದಿದ್ದು, ಈಗಲೂ ಲೈಸೆನ್ಸ್ ನವೀಕರಿಸಿಕೊಂಡು ಇಟ್ಟುಕೊಂಡವರು ಬೇಕಾದಷ್ಟಿದ್ದಾರೆ. ಅದನ್ನು ಕೈಗೆತ್ತಿಕೊಂಡ ಯಾರಾದರೂ ಮೊದಲು ಕೇಳುವುದು ಒಂದೇ ಮಾತು: "ಎಷ್ಟು ದೂರ ಹೋಗುತ್ತೆ?"

ಮನೆಯ ಕೇಪಿನ ಕೋವಿಯಲ್ಲಿ ಒಂಟಿ ಗುಂಡು ನಂಬಿಕೆಯಿಂದ ಬೀಳುವುದು ಹೆಚ್ಚೆಂದರೆ 40-50 ಮೀಟರ್. ಆದರೆ ಅದರಂತೆಯೇ ನಳಿಗೆಯ ಬಾಯಿಂದ ಮದ್ದು ತುಂಬಿ, ಕೋಲಿನಿಂದ ಜಡಿದು, ಕೇಪು ಹಾಕಿ ಹೊಡೆಯುವ ಇನ್ನೊಂದು ಜಾತಿಯ ಬಂದೂಕು 1000 ಗಜಕ್ಕೆ, ಅಂದರೆ 914 ಮೀಟರಿಗೆ, ಗುರಿ ಮುಟ್ಟುತ್ತದೆ. 150 ವರ್ಷಗಳ ಹಿಂದೆಯೇ ಮುಟ್ಟುತ್ತಿತ್ತು. ಈ ಬರಹ ಆ ಎರಡನೆಯದರ ಬಗ್ಗೆ.

ಮದ್ದು ಜಾಸ್ತಿ ಹಾಕಿದರೆ ಗುರಿ ದೂರ ಹೋಗುತ್ತದೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅದನ್ನು ಇಲ್ಲೇ ಬಿಟ್ಟು ಮುಂದೆ ಬನ್ನಿ. ಹಿಂದಿನ ಈಡು, ಅಂದರೆ ಒಂದು ಸಲ ತುಂಬಿ ಹೊಡೆದದ್ದು, ಹೇಗಿತ್ತೋ ಈ ಈಡೂ ಹಾಗೇ ಇರಬೇಕು. ಅದೇ ತೂಕದ ಮದ್ದು, ಅದೇ ತೂಕದ ಗುಂಡು, ಅಷ್ಟೇ ಜಡಿತ, ಅಷ್ಟೇ ಒರೆಸು. ದೂರದ ಗುರಿಯ ಕೆಲಸವೆಲ್ಲ ಇದರಲ್ಲೇ ಇದೆ.

ಕಾಗದಪತ್ರ ಮೊದಲು

ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಬಾಯಿಂದ ತುಂಬುವ ಬಂದೂಕಿಗೂ ಲೈಸೆನ್ಸ್ ಬೇಕೇ ಬೇಕು. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೆ ಇರುವ ವಿನಾಯಿತಿ ನಮಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಬೆಳೆ ರಕ್ಷಣೆಗಾಗಿ ಬಾಯಿಂದ ತುಂಬುವ ಬಂದೂಕು ಅಂತಲೇ ಹೆಸರಿಸಿದ್ದಾರೆ. ಆದರೆ ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸ್ ಗುರಿ ಅಭ್ಯಾಸಕ್ಕೂ ಆಗುತ್ತದೆ ಅಂತ ನೀವೇ ತೀರ್ಮಾನಿಸಬೇಡಿ. ಲೈಸೆನ್ಸ್ ಪುಸ್ತಕದಲ್ಲಿ ಉದ್ದೇಶ ಏನು ಅಂತ ಬರೆದಿರುತ್ತದೆ, ನೋಡಿ. ರೈಫಲ್ ಸೇರಿಸುವುದಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಇಡಬೇಕಾಗಿ ಬರುವುದು ನಿಮಗೆ ಗೊತ್ತೇ ಇದೆ. ಅಭ್ಯಾಸದ ಲೆಕ್ಕ ಹಾಕುವಾಗ ಆ ತಿಂಗಳುಗಳನ್ನು ಕಳೆದುಬಿಡಿ.

ಇಲ್ಲಿ ಹೇಳುವುದೆಲ್ಲ ಕಾಗದದ ಗುರಿಗೆ, ಒಪ್ಪಿಗೆ ಇರುವ ರೇಂಜಿನಲ್ಲಿ. ಶಿಕಾರಿಗೆ ಅಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ ಅನ್ನುವುದು ಒಂದು ಕಾರಣ. ಇನ್ನೊಂದು, ಮುನ್ನೂರು ಗಜ ದೂರದ ಪ್ರಾಣಿಗೆ ಇಂಥ ನಿಧಾನದ ಗುಂಡು ಹೊಡೆದು ಗಾಯ ಮಾಡಿ ಬಿಡುವುದು ಯಾರಿಗೂ ಶೋಭೆ ಅಲ್ಲ.

ಹಾಗೆಯೇ ಕಾಫಿ ತೋಟ ರೇಂಜ್ ಅಲ್ಲ. ಗಿಡದ ಮರೆಯಲ್ಲಿ ಕೆಲಸದವರು ಇರುತ್ತಾರೆ, ಕಾಣುವುದಿಲ್ಲ. ಸಿಲ್ವರ್ ಮರದ ಕಾಂಡ ಗುಂಡು ತಡೆಯುತ್ತದೆ ಅಂತ ನಂಬಿ ಹೊಡೆಯುವುದು ಹುಚ್ಚುತನ. ಬಂಡೆಗೆ ತಾಗಿದ ಸೀಸ ಎತ್ತ ಹಾರುತ್ತದೆ ಅಂತ ಹೇಳಲಾಗದು. ಗುರಿಯ ಹಿಂದೆ ಎತ್ತರದ, ಕಲ್ಲಿಲ್ಲದ ಮಣ್ಣಿನ ದಿಬ್ಬ ಬೇಕು. ಸ್ವಲ್ಪ ಮೇಲಕ್ಕೆ ತಪ್ಪಿದ ಗುಂಡು ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು.

ಯಾವ ಬಂದೂಕು ಎಷ್ಟು ದೂರಕ್ಕೆ

ಸಕಲೇಶಪುರದ ಮಂಜರಾಬಾದ್ ಕೋಟೆ ನೋಡಿದ್ದೀರಲ್ಲ, 1792ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರದಾಕಾರದ್ದು. ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಗೋಡೆಯ ಬುಡಕ್ಕೆ ಗುಂಡು ಹಾರಿಸುವಂತೆ ಅದರ ಕೋನಗಳಿವೆ. ಆ ಕಾಲದ ಬಂದೂಕಿನ ನಳಿಗೆ ಒಳಗೆ ನುಣುಪು. ಗುಂಡು ನಳಿಗೆಗಿಂತ ಸಣ್ಣದು. ಅತ್ತಿತ್ತ ಬಡಿದುಕೊಂಡು ಹೊರಬರುತ್ತದೆ, ಕೊನೆಗೆ ಯಾವ ಕಡೆ ತಾಗಿತೋ ಅದರ ಮೇಲೆ ದಿಕ್ಕು. ನಮ್ಮ ಕೇಪಿನ ಕೋವಿಗಳೂ ಇದೇ ಜಾತಿ. ಚರೆ ಹಾಕಲು ಸರಿ, ದೂರದ ಗುರಿಗೆ ಅಲ್ಲ.

ನಳಿಗೆಯೊಳಗೆ ಸುರುಳಿ ಗೀರು ಕೊರೆದರೆ ಗುಂಡು ತಿರುಗುತ್ತಾ ಹೊರಡುತ್ತದೆ, ದಾರಿ ಬಿಡುವುದಿಲ್ಲ. ಇದೇ ರೈಫಲ್. ಬಾಯಿಂದ ತುಂಬುವ ರೈಫಲ್‌ಗಳಲ್ಲಿ ಮೂರು ಬಗೆ ಗೊತ್ತಿದ್ದರೆ ಸಾಕು.

ಮೊದಲನೆಯದು ಬಟ್ಟೆ ಸುತ್ತಿದ ಉರುಟು ಗುಂಡಿನದು. ಸುರುಳಿ ನಿಧಾನ, 48ರಿಂದ 66 ಅಂಗುಲಕ್ಕೆ ಒಂದು ಸುತ್ತು. 100 ಗಜಕ್ಕೆ ಚೆಂದ. ಆಮೇಲೆ ಉರುಟು ಗುಂಡು ವೇಗ ಕಳೆದುಕೊಂಡು ಗಾಳಿಯ ಪಾಲಾಗುತ್ತದೆ.

ಎರಡನೆಯದು ಮಿನಿಯೆ ಬಗೆ. ಫ್ರಾನ್ಸಿನ ಮಿನಿಯೆ 1849ರ ಹೊತ್ತಿಗೆ ತಂದ ಗುಂಡು, ಹಿಂಭಾಗ ಟೊಳ್ಳು. ಸಡಿಲವಾಗಿ ಕೆಳಗೆ ಇಳಿಯುತ್ತದೆ. ಮದ್ದು ಹೊತ್ತಿದ ಕೂಡಲೇ ಹಿಂಭಾಗ ಅಗಲವಾಗಿ ಗೀರು ಹಿಡಿಯುತ್ತದೆ. ಇದೇ ಉಪಾಯದ ಮೇಲೆ ನಿಂತದ್ದು ಬ್ರಿಟಿಷರ 1853ರ ಎನ್‌ಫೀಲ್ಡ್: .577 ಅಂಗುಲದ ನಳಿಗೆ, ಮೂರು ಗೀರು, 78 ಅಂಗುಲಕ್ಕೆ ಒಂದು ಸುತ್ತು, 530 ಗ್ರೇನಿನ ಗುಂಡಿಗೆ ಸುಮಾರು 68 ಗ್ರೇನ್ ಮದ್ದು. 15.4 ಗ್ರೇನ್ ಅಂದರೆ ಒಂದು ಗ್ರಾಂ, ಹಾಗಾಗಿ ಗುಂಡು ಸುಮಾರು 34 ಗ್ರಾಂ. 1857ರಲ್ಲಿ ಸಿಪಾಯಿಗಳ ಸಿಟ್ಟಿಗೆ ಕಿಡಿ ಹಚ್ಚಿದ ಕೊಬ್ಬು ಸವರಿದ ತೋಟೆ ಇದೇ ಬಂದೂಕಿನದು. ಇವತ್ತು ಕಲಿಯುವವರಿಗೆ ನನ್ನ ಆಯ್ಕೆಯೂ ಇದೇ ಬಗೆ. ಸರಳ, ತಪ್ಪನ್ನು ಸ್ವಲ್ಪ ಸಹಿಸುತ್ತದೆ, 300 ಗಜದವರೆಗೆ ಒಳ್ಳೆಯ ಪಾಠ ಕಲಿಸುತ್ತದೆ.

ಮೂರನೆಯದು ನಿಜವಾದ ದೂರದ ರೈಫಲ್. ನಳಿಗೆ .45 ಅಂಗುಲದ ಆಸುಪಾಸು, ಸುರುಳಿ ಬಿಗಿ, 18-20 ಅಂಗುಲಕ್ಕೆ ಒಂದು ಸುತ್ತು, ಗುಂಡು ಉದ್ದ. ಜೋಸೆಫ್ ವಿಟ್‌ವರ್ತ್ ಮಾಡಿದ .451 ರೈಫಲ್ ಈ ದಾರಿ ತೋರಿಸಿತು. ಅದರ ನಳಿಗೆಯ ಒಳಗು ಆರು ಮೂಲೆಯದು. 1860ರ ಜುಲೈ 2ರಂದು ಇಂಗ್ಲೆಂಡಿನ ವಿಂಬಲ್ಡನ್‌ನ ಮೊದಲ ರೈಫಲ್ ಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿ ಶುರು ಮಾಡಿದ್ದು ಸ್ಟ್ಯಾಂಡಿಗೆ ಬಿಗಿದಿಟ್ಟ ವಿಟ್‌ವರ್ತ್‌ನ ಟ್ರಿಗರ್‌ಗೆ ಕಟ್ಟಿದ ರೇಷ್ಮೆ ದಾರ ಎಳೆದು. 400 ಗಜದಲ್ಲಿ ಗುಂಡು ಗುರಿಯ ನಡುಭಾಗಕ್ಕೇ ಬಿತ್ತು. ಈಗ ಇಂಗ್ಲೆಂಡಿನ ಬಿಸ್ಲಿಯಲ್ಲಿ 1000 ಗಜಕ್ಕೂ ಮೀರಿದ ರೇಂಜ್ ಇದೆ. ಬಾಯಿಂದ ತುಂಬುವ ಬಂದೂಕಿನವರ ಅಂತರರಾಷ್ಟ್ರೀಯ ಸಮಿತಿಯ ಸಾಮಾನ್ಯ ರೈಫಲ್ ಸ್ಪರ್ಧೆಗಳು ಮಾತ್ರ 50 ಮತ್ತು 100 ಮೀಟರಿಗೆ. ಅಲ್ಲೊಂದು ಸ್ಪರ್ಧೆಗೆ ವಿಟ್‌ವರ್ತ್ ಹೆಸರು, ಇನ್ನೊಂದಕ್ಕೆ ಮಿನಿಯೆ ಹೆಸರು.

ಹಳೇ ಬಂದೂಕು ಸಿಕ್ಕಿತು ಅಂತ ತಕ್ಷಣ ಹೊಡೆಯಲು ಹೋಗಬೇಡಿ. ನಳಿಗೆಯೊಳಗೆ ಗುಂಡಿ ಬಿದ್ದಿದೆಯಾ, ಕೇಪು ಕೂರುವ ನಿಪ್ಪಲ್ ಸವೆದಿದೆಯಾ, ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಅರ್ಧ ಎತ್ತಿದ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆಯಾ, ನಳಿಗೆಯನ್ನು ಪರೀಕ್ಷಿಸಿ ಒತ್ತಿದ ಪ್ರೂಫ್ ಮುದ್ರೆ ಇದೆಯಾ? ಲೈಸೆನ್ಸ್ ಇರುವ ಕಸುಬುದಾರನಿಗೆ ತೋರಿಸಿ.

ಗುಂಡು

ಮಿನಿಯೆಗೆ ಮೆತ್ತನೆಯ ಶುದ್ಧ ಸೀಸವೇ ಬೇಕು. ಗಟ್ಟಿ ಸೀಸವಾದರೆ ಹಿಂಭಾಗ ಅರಳುವುದಿಲ್ಲ. ಹಳೇ ಬ್ಯಾಟರಿ ಒಡೆದು ತೆಗೆದ ಸೀಸ ಎರಡು ಕಾರಣಕ್ಕೆ ಬೇಡ: ಅದು ಗಟ್ಟಿ, ಮತ್ತು ಅದರ ಹೊಗೆ ವಿಷ. ಉದ್ದ ಗುಂಡಿಗೆ 20 ಪಾಲು ಸೀಸಕ್ಕೆ ಒಂದು ಪಾಲು ತವರ ಸೇರಿಸುವುದು ರೂಢಿ.

ಸೀಸ ಕರಗುವುದು 327 ಡಿಗ್ರಿಯಲ್ಲಿ. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಎರಕ ಹೊಯ್ಯಿರಿ. ಅಡುಗೆ ಪಾತ್ರೆ ಮುಟ್ಟಬೇಡಿ. ಒಂದೇ ಒಂದು ಹನಿ ನೀರು ಬಿದ್ದರೂ ಕರಗಿದ ಸೀಸ ಮುಖಕ್ಕೆ ಸಿಡಿಯುತ್ತದೆ, ಹಾಗಾಗಿ ಮಳೆಗಾಲದಲ್ಲಿ ಸೋರುವ ಸೂರಿನ ಕೆಳಗೆ ಈ ಕೆಲಸ ಬೇಡವೇ ಬೇಡ. ಆರಿದ ಮೇಲೆ ಪ್ರತಿ ಗುಂಡನ್ನೂ ತೂಗಿ. ಒಂದು ಗ್ರೇನಿಗಿಂತ ಜಾಸ್ತಿ ವ್ಯತ್ಯಾಸ ಬಂದದ್ದನ್ನು ಮತ್ತೆ ಕರಗಿಸಿ. ತೂಕ ಕಡಿಮೆ ಬಂತು ಅಂದರೆ ಒಳಗೆಲ್ಲೋ ಗಾಳಿ ಗುಳ್ಳೆ ಇದೆ. ಅಂಥ ಗುಂಡು ಓಲಾಡುತ್ತಾ ಹೋಗುತ್ತದೆ.

ಸವರಲು ಜೇನುಮೇಣ ಬೇಕು. ಈ ವಿಷಯದಲ್ಲಿ ನಾವು ಅದೃಷ್ಟವಂತರು, ತುಡುವೆ ಜೇನು ಸಾಕುವವರ ಮನೆಯಲ್ಲಿ ಮೇಣ ಸಿಗುತ್ತದೆ. ಅದಕ್ಕೆ ಸ್ವಲ್ಪ ಸಸ್ಯದ ಎಣ್ಣೆ ಬೆರೆಸಿ ಮೆತ್ತಗೆ ಮಾಡಿಕೊಳ್ಳಿ. ಬೇಸಿಗೆಗೆ ಮೇಣ ಜಾಸ್ತಿ, ಚಳಿಗೆ ಎಣ್ಣೆ ಜಾಸ್ತಿ. ತೆಂಗಿನೆಣ್ಣೆ ಹಾಕಿದರೆ ಡಿಸೆಂಬರಿನ ಚಿಕ್ಕಮಗಳೂರು ಬೆಳಗಿನಲ್ಲಿ ಗಟ್ಟಿಯಾಗುತ್ತದೆ. ಪೆಟ್ರೋಲಿಯಂ ಗ್ರೀಸ್ ಬೇಡ, ಕರಿಮದ್ದಿನ ಜೊತೆ ಸೇರಿ ಟಾರಿನಂತೆ ಅಂಟಿಕೊಳ್ಳುತ್ತದೆ.

ಮದ್ದು

ಕರಿಮದ್ದು ಮಾತ್ರ. ಲೈಸೆನ್ಸ್ ಇರುವ ಅಂಗಡಿಯದ್ದು ಮಾತ್ರ. ತೋಟೆ ಒಡೆದು ತೆಗೆದ ಹೊಗೆ ಇಲ್ಲದ ಮದ್ದನ್ನು ಬಾಯಿಂದ ತುಂಬುವ ಬಂದೂಕಿಗೆ ಹಾಕಿದರೆ ನಳಿಗೆ ಸೀಳುತ್ತದೆ. ಅದರ ಒತ್ತಡ ತಡೆಯಲು ಈ ನಳಿಗೆ ಮಾಡಿದ್ದೇ ಅಲ್ಲ. ಪಟಾಕಿ ಮದ್ದು, ಊರಲ್ಲಿ ಅರೆದ ಮದ್ದು ಕೂಡ ಬೇಡ. ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ.

ದೂರದ .45 ರೈಫಲ್‌ಗಳಲ್ಲಿ 530 ಗ್ರೇನ್ ಗುಂಡಿಗೆ 80-90 ಗ್ರೇನ್ ಮದ್ದು ಹಳೆಯ ರೂಢಿ. ಇದು ಒಂದು ಅಂದಾಜಿಗೆ ಅಷ್ಟೆ. ನಿಮ್ಮ ರೈಫಲ್ ಮಾಡಿದವರು ಹೇಳಿದ ಮಿತಿಯೇ ಕೊನೆಯ ಮಾತು. ಕೆಳಗಿನಿಂದ ಶುರು ಮಾಡಿ, ಎರಡೆರಡು ಗ್ರೇನ್ ಏರಿಸುತ್ತಾ ಹೋಗಿ, ಐದು ಈಡು ಎಲ್ಲಿ ಹತ್ತಿರ ಹತ್ತಿರ ಬೀಳುತ್ತವೋ ಅಲ್ಲಿ ನಿಲ್ಲಿಸಿ. ಇನ್ನೂ ಏರಿಸುವ ಆಸೆ ಆಗುತ್ತದೆ. ಬೇಡ. ಹೆಚ್ಚಿದ ಮದ್ದಿನಿಂದ ಭುಜಕ್ಕೆ ಒದೆ, ನಳಿಗೆಗೆ ಮಸಿ, ಇಷ್ಟೇ ಲಾಭ.

ಮನೆಯಲ್ಲೇ ಪ್ರತಿ ಅಳತೆಯನ್ನು ತೂಗಿ ಪುಟ್ಟ ಪ್ಲಾಸ್ಟಿಕ್ ಕೊಳವೆಗಳಲ್ಲಿ ಮುಚ್ಚಿ ಒಯ್ಯಿರಿ. ಹೊರಡುವ ವೇಗದಲ್ಲಿ ಸೆಕೆಂಡಿಗೆ ಬರೀ 20 ಅಡಿ ವ್ಯತ್ಯಾಸವಾದರೆ 1000 ಗಜದಲ್ಲಿ ಗುಂಡು ಸುಮಾರು ಎರಡು ಅಡಿ ಮೇಲೆ ಕೆಳಗೆ ಆಗುತ್ತದೆ. 50 ಮೀಟರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಹತ್ತಿರದಲ್ಲಿ ಚೆನ್ನಾಗಿ ಹೊಡೆಯುವವರು ದೂರದಲ್ಲಿ ಕಕ್ಕಾಬಿಕ್ಕಿ ಆಗುವುದು ಇದಕ್ಕೇ.

ತುಂಬುವ ಕ್ರಮ

1. ಮೊದಲು ಒಳಗೆ ಏನೂ ಇಲ್ಲ ಅಂತ ಖಾತ್ರಿ ಮಾಡಿ. ಜಡಿಯುವ ಕೋಲನ್ನು ಖಾಲಿ ನಳಿಗೆಗೆ ಇಳಿಬಿಟ್ಟು ಬಾಯಿಯ ಮಟ್ಟಕ್ಕೆ ಒಂದು ಗುರುತು ಹಾಕಿಟ್ಟುಕೊಂಡಿರಬೇಕು. ಕೋಲು ಆ ಗುರುತಿನವರೆಗೆ ಇಳಿಯದಿದ್ದರೆ ಒಳಗೆ ಹಳೇ ಈಡು ಕೂತಿದೆ. ಮನೆಯಲ್ಲಿ ವರ್ಷಗಟ್ಟಲೆ ಇಟ್ಟ ಕೋವಿಗಳಲ್ಲಿ ಇದು ಸಾಮಾನ್ಯ.

2. ಎಣ್ಣೆ ಪೂರ್ತಿ ಒರೆಸಿ. ಬಾಯಿಯನ್ನು ಗುರಿಯ ಕಡೆ ಇಟ್ಟು, ಮದ್ದಿಲ್ಲದೆ ಒಂದೆರಡು ಕೇಪು ಹೊಡೆಯಿರಿ. ನಿಪ್ಪಲ್‌ನ ತೂತು ಒಣಗುತ್ತದೆ.

3. ಹಿಡಿ ನೆಲದ ಮೇಲೆ, ಬಾಯಿ ನಿಮ್ಮ ಮುಖದಿಂದ ಆಚೆ. ಅಳೆದಿಟ್ಟ ಮದ್ದನ್ನು ಉದ್ದ ಕೊಳವೆಯ ಮೂಲಕ ನಿಧಾನವಾಗಿ ಸುರಿಯಿರಿ, ಕಾಳು ಒತ್ತಾಗಿ ಕೂರುತ್ತವೆ. ಮದ್ದಿನ ಡಬ್ಬಿಯಿಂದ ನೇರವಾಗಿ ಎಂದೂ ಸುರಿಯಬೇಡಿ. ಒಳಗೆ ಒಂದು ಕಿಡಿ ಉಳಿದಿದ್ದರೆ ಡಬ್ಬಿಯೇ ಸಿಡಿಯುತ್ತದೆ.

4. ಮದ್ದಿನ ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲೆ ಗುಂಡು. ಬೆರಳ ತುದಿಯಲ್ಲಿ ಕೋಲು ಹಿಡಿದು ಒಂದೇ ಸಮನೆ ಇಳಿಸಿ. ಅಂಗೈ ಕೊಟ್ಟು ಒತ್ತಬೇಡಿ.

5. ಗುಂಡು ಮದ್ದಿಗೆ ತಾಗಿ ಕೂರಲೇಬೇಕು. ನಡುವೆ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ತುಂಬಿದಾಗ ಎಲ್ಲಿಗೆ ಬರಬೇಕು ಅಂತ ಕೋಲಿನ ಮೇಲೆ ಎರಡನೇ ಗುರುತು ಇರಲಿ. ಕುಟ್ಟಬೇಡಿ. ಕುಟ್ಟಿದರೆ ಗುಂಡಿನ ಮೂಗು ಚಪ್ಪಟೆ, ಮದ್ದಿನ ಕಾಳು ಪುಡಿ.

6. ಕೋಲು ಹೊರಗೆ ತೆಗೆದಿರಾ? ಮರೆತು ಅದನ್ನೂ ಸೇರಿಸಿ ಹೊಡೆದವರಿದ್ದಾರೆ.

7. ಕೇಪು ಹಾಕುವುದು ಎಲ್ಲದರ ಕೊನೆಗೆ, ಹೊಡೆಯುವ ಜಾಗದಲ್ಲಿ, ಬಾಯಿ ಗುರಿಯ ಕಡೆ ಇರುವಾಗ.

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲಿ. ಕೇಪಿನ ಚೂರು ಪಕ್ಕದವನ ಕಣ್ಣಿಗೂ ಹಾರುತ್ತದೆ.

ಮಸಿ: ಕಡೂರಿನ ಲೆಕ್ಕವೇ ಬೇರೆ, ಕೊಟ್ಟಿಗೆಹಾರದ ಲೆಕ್ಕವೇ ಬೇರೆ

ಕರಿಮದ್ದು ಉರಿದಾಗ ಅರ್ಧಕ್ಕೂ ಜಾಸ್ತಿ ಭಾಗ ಹೊಗೆ ಮತ್ತು ಮಸಿಯಾಗಿಯೇ ಉಳಿಯುತ್ತದೆ. ನಳಿಗೆಯಲ್ಲಿ ಕೂತ ಮಸಿ ಗಾಳಿಯ ತೇವ ಹೀರುತ್ತದೆ. ಕೊಟ್ಟಿಗೆಹಾರ, ಬಾಳೂರು ಕಡೆಯ ಥಂಡಿಯಲ್ಲಿ ಅದು ಮೆತ್ತಗಾಗಿ ಜಾರುತ್ತದೆ, ಮುಂದಿನ ಗುಂಡು ಸಲೀಸಾಗಿ ಇಳಿಯುತ್ತದೆ. ಕಡೂರು, ಅರಸೀಕೆರೆಯ ಮಾರ್ಚ್ ಬಿಸಿಲಿನಲ್ಲಿ ಅದೇ ಮಸಿ ಹಂಚಿನಂತೆ ಗಟ್ಟಿ. ಮೂರನೇ ಗುಂಡು ಅರ್ಧಕ್ಕೆ ನಿಂತುಬಿಡುತ್ತದೆ. ಒಂದೇ ಜಿಲ್ಲೆಯೊಳಗೆ ಈ ಎರಡೂ ಹವೆ ಇರುವುದರಿಂದ ನಮಗೆ ಇದು ಬೇಗ ಅರ್ಥವಾಗಬೇಕು.

ಹಾಗಾಗಿ ಪ್ರತಿ ಈಡಿನ ನಂತರ ಒರೆಸಿ. ಒದ್ದೆ ಮಾಡಿ ಹಿಂಡಿದ ಒಂದು ಹತ್ತಿಬಟ್ಟೆ, ಆಮೇಲೆ ಒಂದು ಒಣಬಟ್ಟೆ. ಒಣಸೀಮೆಯಲ್ಲಿ ಎರಡು ಒದ್ದೆ ಬೇಕಾಗಬಹುದು. ಎಷ್ಟು ಅಂತ ನೀವೇ ಕಂಡುಕೊಳ್ಳಿ, ಆದರೆ ಆ ದಿನ ಪೂರ್ತಿ ಅಷ್ಟೇ ಇರಲಿ. ಒಮ್ಮೆ ಒರೆಸಿ, ಒಮ್ಮೆ ಸುಮ್ನೆ ಬಿಟ್ಟರೆ ನೀವು ಎರಡು ಬೇರೆ ಬೇರೆ ಬಂದೂಕಿನಿಂದ ಹೊಡೆದ ಹಾಗೆ. ತಳದಲ್ಲಿ ನೀರು ನಿಲ್ಲದಂತೆಯೂ ನೋಡಿಕೊಳ್ಳಿ. ಒದ್ದೆಯಾದ ಮದ್ದು ತಡವಾಗಿ ಹೊತ್ತುತ್ತದೆ. ಈ ಒರೆಸು ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಉಳಿದ ಕಿಡಿ ಆರಿಸುತ್ತದೆ.

ಸೈಟು ಮತ್ತು ಎತ್ತರ

ಈ ಗುಂಡುಗಳು ಸೆಕೆಂಡಿಗೆ 1300 ಅಡಿ ಆಸುಪಾಸಿನಲ್ಲಿ ಹೊರಡುತ್ತವೆ. 1000 ಗಜ ಮುಟ್ಟಲು ಮೂರು ಸೆಕೆಂಡಿನಷ್ಟು ಬೇಕು. ಅಷ್ಟರಲ್ಲಿ ನಳಿಗೆಯ ನೇರ ಗೆರೆಯಿಂದ ನೂರಕ್ಕೂ ಹೆಚ್ಚು ಅಡಿ ಕೆಳಗೆ ಬಿದ್ದಿರುತ್ತವೆ. ಆದ್ದರಿಂದ ನಳಿಗೆಯನ್ನು ಎರಡು ಡಿಗ್ರಿಗೂ ಮೀರಿ ಎತ್ತಬೇಕು. ಎತ್ತಲು ಹಿಂದೆ ಏಣಿಯಂಥ ಸೈಟು, ಅಂದರೆ ಗುರಿ ನೋಡುವ ಪಟ್ಟಿ, ಇರುತ್ತದೆ. ಎರಡು ಸೈಟುಗಳ ನಡುವೆ 36 ಅಂಗುಲ ಅಂತರವಿದ್ದರೆ, ಹಿಂದಿನದನ್ನು ಕಾಲು ಮಿಲಿಮೀಟರ್ ಏರಿಸಿದರೆ ಸಾಕು, 1000 ಗಜದಲ್ಲಿ ಗುಂಡು ಹತ್ತು ಅಂಗುಲ ಮೇಲೆ ಬೀಳುತ್ತದೆ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ, ಅಳತೆ ಗೀರು ಬೇಕು. ಮುಂದಿನ ಸೈಟಿನಲ್ಲಿ ಸಣ್ಣ ರಸಮಟ್ಟವೂ ಇರಲಿ. ಬಂದೂಕು ಒಂದು ಕಡೆ ವಾಲಿದರೆ ಗುಂಡು ಅದೇ ಕಡೆ ಹೋಗುತ್ತದೆ.

50 ಮೀಟರಿನಿಂದ ಶುರು ಮಾಡಿ 100ಕ್ಕೆ ಹೋಗಿ. ಅಲ್ಲಿ ಐದು ಈಡೂ ಒಂದು ಅಂಗೈ ಅಗಲದಲ್ಲಿ ಬೀಳುವವರೆಗೆ 200ರ ಮಾತೇ ಬೇಡ. ಪ್ರತಿ ದೂರಕ್ಕೆ ಸೈಟು ಎಲ್ಲಿತ್ತು, ಹವೆ ಹೇಗಿತ್ತು, ಎಷ್ಟು ಒರೆಸಿದಿರಿ, ಎಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ. ಈಡುಗಳು ಮೇಲೆ ಕೆಳಗೆ ಚೆದುರಿದರೆ ತಪ್ಪು ಸಾಮಾನ್ಯವಾಗಿ ಮದ್ದಿನಲ್ಲಿ ಅಥವಾ ಒರೆಸುವುದರಲ್ಲಿ. ಎಡಬಲ ಚೆದುರಿದರೆ ಗಾಳಿಯಲ್ಲಿ ಅಥವಾ ಟ್ರಿಗರ್ ಬೆರಳಿನಲ್ಲಿ.

ಸಮುದ್ರಮಟ್ಟದ ಪಟ್ಟಿ ನೋಡಿ ಸೈಟು ಇಟ್ಟರೆ ನಮ್ಮಲ್ಲಿ ಗುಂಡು ಮೇಲೆ ಹೋಗುತ್ತದೆ. ಚಿಕ್ಕಮಗಳೂರು ಪಟ್ಟಣ ಸಾವಿರ ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿ ಸುಮಾರು 10% ತೆಳು, ಗುಂಡನ್ನು ಕಡಿಮೆ ತಡೆಯುತ್ತದೆ.

ಮಲಗುವುದು, ಹೊಡೆಯುವುದು

ಹೊಟ್ಟೆ ಮೇಲೆ ಮಲಗಿ, ಮುಂದೆ ಕತ್ತರಿ ಕೋಲಿನ ಆಧಾರ ಕೊಟ್ಟು ಹೊಡೆಯುವುದು ಸುಲಭ. ಹಳಬರು ಬೆನ್ನ ಮೇಲೆ ಮಲಗಿ, ಕಾಲ ಮೇಲೆ ನಳಿಗೆ ಇಟ್ಟೂ ಹೊಡೆಯುತ್ತಿದ್ದರು. ನೋಡಲು ವಿಚಿತ್ರ, ಆದರೆ ಗಟ್ಟಿ ಹಿಡಿತ.

ಕುದುರೆ ಬಿದ್ದು, ಕೇಪು ಹೊತ್ತಿ, ಮದ್ದು ಹೊತ್ತಿ ಗುಂಡು ಹೊರಡಲು ಇಂದಿನ ಬಂದೂಕಿಗಿಂತ ಜಾಸ್ತಿ ಹೊತ್ತು ಬೇಕು. ಅಷ್ಟು ಹೊತ್ತೂ ಅಲುಗಬಾರದು. ಹೊಗೆ ಎದುರು ಕವಿಯುತ್ತದೆ, ಎಲ್ಲಿ ಬಿತ್ತು ನೋಡೋಣ ಅಂತ ತಲೆ ಎತ್ತುವ ಆಸೆ ಬರುತ್ತದೆ. ಕೆನ್ನೆ ಹಿಡಿಗೆ ಒತ್ತಿಯೇ ಇರಲಿ. ಮಂಜಿನ ಬೆಳಗಿನಲ್ಲಿ ಹೊಗೆ ಕದಲುವುದೇ ಇಲ್ಲ, ಕಾಯಬೇಕು.

ನಿಮ್ಮ ಗುರಿಯ ಸಂಖ್ಯೆಯನ್ನು ಪ್ರತಿ ಸಲ ಓದಿ ಹೇಳಿಕೊಳ್ಳಿ. 1874ರಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್‌ನಲ್ಲಿ 800, 900, 1000 ಗಜದ ಪಂದ್ಯ. ಐರ್ಲೆಂಡಿನವರ ಕೈಯಲ್ಲಿ ಬಾಯಿಂದ ತುಂಬುವ ರಿಗ್ಬಿ ರೈಫಲ್, ಅಮೆರಿಕದವರ ಕೈಯಲ್ಲಿ ಹಿಂದಿನಿಂದ ತುಂಬುವ ಹೊಸವು. ಅಮೆರಿಕ 934, ಐರ್ಲೆಂಡ್ 931. ಐರ್ಲೆಂಡಿನ ಮಿಲ್ನರ್ ನಡುಬೊಟ್ಟಿಗೇ ಹೊಡೆದಿದ್ದ, ಆದರೆ ಪಕ್ಕದ ಗುರಿಯ ನಡುಬೊಟ್ಟಿಗೆ. ಅದಕ್ಕೆ ನಾಲ್ಕು ಅಂಕ ಇತ್ತು, ಅವನಿಗೆ ಸಿಕ್ಕಿದ್ದು ಸೊನ್ನೆ. ಹಳೇ ಬಂದೂಕು ಸೋತಿದ್ದು ಅದರ ಕೈಲಾಗದೆ ಅಲ್ಲ, ಅಲ್ವಾ?

ಗಾಳಿ

ಇದು ಕೊನೆಯವರೆಗೂ ಕಲಿಯುವ ಪಾಠ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ 1000 ಗಜದಲ್ಲಿ ಗುಂಡನ್ನು ಹತ್ತು ಅಡಿಯ ಆಸುಪಾಸು ತಳ್ಳುತ್ತದೆ. ಓರೆಯಾಗಿ, 45 ಡಿಗ್ರಿಯಲ್ಲಿ ಬೀಸಿದರೆ ಅದರ 70% ಲೆಕ್ಕ ಹಿಡಿಯಿರಿ. ಎದುರಿನಿಂದ ಅಥವಾ ಬೆನ್ನಿಂದ ಬೀಸಿದರೆ ಎಡಬಲಕ್ಕೆ ಹೆಚ್ಚೇನಿಲ್ಲ.

ಅಳೆಯಲು ನಮ್ಮ ಮರಗಳೇ ಸಾಕು. ಮುಖಕ್ಕೆ ಗಾಳಿ ತಾಗಿ ಎಲೆ ಮರಮರ ಅಂದರೆ 6-11 ಕಿಲೋಮೀಟರ್. ಎಲೆ, ಸಣ್ಣ ಕಡ್ಡಿ ಬಿಡುವಿಲ್ಲದೆ ಅಲುಗಿದರೆ 12-19. ನೆಲದ ಧೂಳು ಎದ್ದು ಸಣ್ಣ ಕೊಂಬೆ ತೂಗಿದರೆ 20 ದಾಟಿದೆ, ಕಲಿಯುವವರು ಕಾಫಿ ಕುಡಿಯುತ್ತಾ ಕೂರುವುದು ಮೇಲು. ಸಿಲ್ವರ್ ಮರದ ಎಲೆಯ ಹಿಂಭಾಗ ಬಿಳಿ. ಗಾಳಿ ಬೀಸಿದಾಗ ದೂರದ ಮರ ಇಡೀ ಬೆಳ್ಳಗಾಗುತ್ತದೆ, ಅಲ್ಲಿನ ಗಾಳಿ ನಿಮ್ಮ ಕಡೆ ಬರುವ ಮೊದಲೇ ಗೊತ್ತಾಗುತ್ತದೆ. ಬಿಸಿಲೇರಿದ ಮೇಲೆ ಗುಡ್ಡದ ಕಡೆ ಗಾಳಿ ಕಣಿವೆಯಿಂದ ಮೇಲೇರುತ್ತದೆ, ರಾತ್ರಿ ಮತ್ತು ನಸುಕಿನಲ್ಲಿ ಕೆಳಗಿಳಿಯುತ್ತದೆ. ಈ ತಿರುವಿನ ಹೊತ್ತಿನಲ್ಲಿ ಸೈಟು ಸರಿ ಮಾಡಲು ಕೂರಬೇಡಿ.

ಪ್ರತಿ ಅಲುಗಾಟಕ್ಕೂ ಸೈಟು ತಿರುಗಿಸುವುದಕ್ಕಿಂತ ಒಂದು ಹದದ ಗಾಳಿ ಆರಿಸಿ, ಅದು ಮತ್ತೆ ಬರುವವರೆಗೆ ಕಾದು ಹೊಡೆಯುವುದು ನನಗೆ ಸರಿ ಕಾಣುತ್ತದೆ.

ಈಡು ಹಾರದಿದ್ದರೆ

ಕೇಪು ಹೊಡೆದರೂ ಮದ್ದು ಹೊತ್ತದಿದ್ದರೆ ಬಂದೂಕನ್ನು ಗುರಿಯ ಕಡೆಯೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ. ತಡವಾಗಿ ಹೊತ್ತುವುದುಂಟು. ಆಮೇಲೆ ಹೊಸ ಕೇಪು ಹಾಕಿ. ಆಗಲೂ ಇಲ್ಲವೆಂದರೆ ತೂತನ್ನು ಸೂಜಿಯಿಂದ ಬಿಡಿಸಿ ಮತ್ತೆ ನೋಡಿ. ಮದ್ದು ಹಾಕದೆ ಗುಂಡು ಇಳಿಸಿದ್ದರೆ ಕೋಲಿನ ತುದಿಗೆ ಸ್ಕ್ರೂ ಹಾಕಿ ಹೊರಗೆಳೆಯಿರಿ, ಆದರೆ ಕೇಪು ಇಲ್ಲ ಅಂತ ಮೊದಲು ಖಾತ್ರಿ ಮಾಡಿ, ನಿಪ್ಪಲ್ ಮೂಲಕ ನೀರು ಬಿಟ್ಟು ಒಳಗನ್ನು ತೋಯಿಸಿ. ಬಾಯೊಳಗೆ ಇಣುಕುವುದು, ಊದುವುದು ಎಂದಿಗೂ ಇಲ್ಲ.

ತೊಳೆಯುವುದು

ಅದೇ ಸಂಜೆ, ನಾಳೆ ಅಲ್ಲ. ತೇವ ಹೀರಿದ ಮಸಿ ಮಲೆನಾಡಿನ ಥಂಡಿಯಲ್ಲಿ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ. ಬರೀ ಎಣ್ಣೆಗೆ ಮಸಿ ಕರಗುವುದಿಲ್ಲ, ಅದಕ್ಕೆ ನೀರೇ ಬೇಕು. ಆಗುವುದಾದರೆ ನಳಿಗೆಯನ್ನು ಮರದಿಂದ ಬಿಡಿಸಿ, ನಿಪ್ಪಲ್ ಕಳಚಿ, ತುದಿಯನ್ನು ಸ್ವಲ್ಪ ಸಾಬೂನು ಬೆರೆಸಿದ ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಬಟ್ಟೆ ಸುತ್ತಿದ ಕೋಲನ್ನು ಪಂಪಿನಂತೆ ಆಡಿಸಿ. ನೀರು ತಿಳಿಯಾಗುವವರೆಗೆ ಬದಲಿಸಿ. ಕೊನೆಗೆ ಬರೀ ಬಿಸಿನೀರು, ನಳಿಗೆ ಬಿಸಿಯಾದರೆ ತಾನೇ ಬೇಗ ಒಣಗುತ್ತದೆ. ಒಣಬಟ್ಟೆ ಆಡಿಸಿ ತೆಳುವಾಗಿ ಬಂದೂಕಿನ ಎಣ್ಣೆ ಹಚ್ಚಿ. ಕುದುರೆಯ ಬುಡ, ನಿಪ್ಪಲ್‌ನ ಮರೆ ಮರೆಯಬೇಡಿ. ಮಾರನೇ ದಿನ ಮತ್ತೊಮ್ಮೆ ಬಿಳಿ ಬಟ್ಟೆ ಆಡಿಸಿ ನೋಡಿ, ಕಂದು ಬಣ್ಣ ಬಂದರೆ ಇನ್ನೊಮ್ಮೆ ತೊಳೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮ್ನೆ ಇಟ್ಟ ಬಂದೂಕನ್ನೂ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ. ಬಟ್ಟೆಯ ಚೀಲದಲ್ಲಿ ಸುತ್ತಿ ಇಡಬೇಡಿ, ಬಟ್ಟೆ ತೇವ ಹಿಡಿದುಕೊಳ್ಳುತ್ತದೆ. ಬೀಗ ಹಾಕಿದ ಬೀರುವಿನಲ್ಲಿ, ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಹೆಚ್ಚಾದ ಎಣ್ಣೆ ನಿಪ್ಪಲ್‌ಗೆ ಇಳಿಯುವುದಿಲ್ಲ. ಮದ್ದು ಮತ್ತು ಕೇಪನ್ನು ಬೇರೆ ಬೇರೆ ಜಾಗದಲ್ಲಿ, ಅವಕ್ಕೂ ಬೀಗ ಹಾಕಿ ಇಡಿ.